ಆಡುವ ಬೊಮ್ಮ, ಇಡುವ ಬೊಮ್ಮ

ವಿಜಯವಾಡಕ್ಕೆ ಊರ ಕಡೆಯಿಂದ ನೆಂಟರು ಬಂದರೆ ನಮ್ಮದೊಂದು ಖಾಯಂ ರೂಟ್ ಇದೆ. ಬೆಳಿಗ್ಗೆ ಇಂದ್ರಕೀಲಾದ್ರಿಯ ಕನಕದುರ್ಗೆ, ಅಲ್ಲಿಂದ ಇಳಿದು ಪ್ರಕಾಶಂ ಬ್ಯಾರೇಜಿನ ಮೇಲೆ ಒಂದು ಫೋಟೋ, ಮಧ್ಯಾಹ್ನದ ಊಟ ಆದ ಮೇಲೆ (ಆವಕಾಯಿ ತಿಂದು ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡ ಮೇಲೆ ಅನ್ನಿ) ಕೊಂಡಪಲ್ಲಿ. ಹೈದರಾಬಾದ್ ರಸ್ತೆಯಲ್ಲಿ 20 ಕಿಲೋಮೀಟರ್ ಆಸುಪಾಸು. ಇಬ್ರಾಹೀಂಪಟ್ನಂ ಥರ್ಮಲ್ ಸ್ಟೇಷನ್ನಿನ ಎತ್ತರದ ಹೊಗೆಗೊಳವೆಗಳು ಕಂಡವು ಅಂದರೆ ಊರು ಬಂತು ಅಂತ ಲೆಕ್ಕ.

ನೆಂಟರ ಜತೆ ಚಿಕ್ಕ ಮಕ್ಕಳಿದ್ದರೆ ಅಲ್ಲಿನ ಗೊಂಬೆ ಅಂಗಡಿಯಲ್ಲಿ ಪ್ರತಿಸಲವೂ ಅದೇ ನಾಟಕ. ಮಗು ನೇರ ಹೋಗಿ ಅಂಬಾರಿ ಆನೆಗೆ ಕೈ ಹಾಕುತ್ತೆ. ಅಂಗಡಿಯವರು 'ಮೆಲ್ಲಗಾ, ಮೆಲ್ಲಗಾ' ಅನ್ನುತ್ತಾರೆ. ಅಮ್ಮ ಬಂದು ಆನೆಯನ್ನು ಕಿತ್ತುಕೊಳ್ಳುತ್ತಾಳೆ. ಆಮೇಲೆ ಆನೆ ಪೇಪರಿನಲ್ಲಿ ಸುತ್ತಿಸಿಕೊಂಡು ಮೈಸೂರಿನ ಯಾವುದೋ ಶೋಕೇಸಿಗೆ ಹೊರಡುತ್ತೆ, ಮಗುವಿನ ಅಳು ನಿಲ್ಲಿಸಲು ಹೈವೇ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕಾರು. ಗೊಂಬೆಗೆ ಹೆಸರಾದ ಊರಿಗೆ ಹೋಗಿ ಮಗು ಮಾತ್ರ ಗೊಂಬೆಯಿಲ್ಲದೆ ವಾಪಸ್ಸು!

ಹಾಗಾದರೆ ಗೊಂಬೆ ಇರುವುದು ಆಡುವುದಕ್ಕೋ, ಇಡುವುದಕ್ಕೋ? ಇದು ನನ್ನ ಪ್ರಶ್ನೆಯಲ್ಲ ಸ್ವಾಮಿ. ಅಮೆರಿಕದ ಪಿಕ್ಸಾರ್ ಕಂಪನಿಯವರು 1999ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಒಂದೂವರೆ ಗಂಟೆಯ ಸಿನಿಮಾ ಮಾಡಿದರು. 'ಟಾಯ್ ಸ್ಟೋರಿ 2'. ನಮ್ಮ ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ಅದರ ಸಿಡಿ ನಮ್ಮ ಮನೆಯಲ್ಲಿ ತಿರುಗಿ ತಿರುಗಿ ಗೀರು ಬಿದ್ದುಹೋಗಿತ್ತು. ಈಚೆಗೆ ಒಂದು ಭಾನುವಾರ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಮತ್ತೆ ನೋಡಿದೆವು. ಆಗ ಮಗಳಿಗೋಸ್ಕರ ಕೂತು ನೋಡಿದ್ದು, ಈ ಸಲ ನಮಗೋಸ್ಕರ. ಮಕ್ಕಳ ಸಿನಿಮಾ ಅಂದುಕೊಂಡಿದ್ದು ಅಪ್ಪ ಅಮ್ಮಂದಿರ ಸಿನಿಮಾ ಅಂತ ಈಗ ಗೊತ್ತಾಯಿತು.

ಮುಂದೆ ಹೋಗುವ ಮೊದಲು ಒಂದು ಭಾಷೆಯ ಸ್ವಾರಸ್ಯ. ನಾವು ಗೊಂಬೆ ಅನ್ನುವುದನ್ನು ತೆಲುಗಿನವರು 'ಬೊಮ್ಮ' ಅನ್ನುತ್ತಾರೆ. ನಮ್ಮಲ್ಲೂ ಬೊಂಬೆ, ಬೊಂಬೆಯಾಟ ಇದೆಯಲ್ಲ, ಅದೇ. ಆದರೆ ತೆಲುಗಿನ ಬೊಮ್ಮ ಇನ್ನೂ ವಿಶಾಲ. ಪುಸ್ತಕದ ಚಿತ್ರವೂ ಬೊಮ್ಮ, ಗೋಡೆಯ ಮೇಲಿನ ಪಟವೂ ಬೊಮ್ಮ, ಥಿಯೇಟರಿನಲ್ಲಿ ಓಡುವ ಸಿನಿಮಾವೂ ಬೊಮ್ಮ! ಶುಕ್ರವಾರ ಬೆಳಗಿನ ಆಟ ಮುಗಿಸಿ ಬಂದ ಹುಡುಗರು 'ಬೊಮ್ಮ ಹಿಟ್ಟು' ಅಂತ ಕೂಗುವುದನ್ನು ಇಲ್ಲಿಗೆ ಹೊಸದಾಗಿ ಬಂದಾಗ ಕೇಳಿ ನನಗೆ ಅರ್ಥವೇ ಆಗಿರಲಿಲ್ಲ. ಗೊಂಬೆಗಳ ಬಗ್ಗೆ ಗೊಂಬೆಗಳೇ ನಟಿಸಿದ ಗೊಂಬೆಚಿತ್ರಕ್ಕೆ ತೆಲುಗಿನಲ್ಲಿ ಒಂದೇ ಪದ ಸಾಕು.

ಇರಲಿ, ಕಥೆಗೆ ಬರೋಣ. ನೋಡದೆ ಇರುವವರಿಗಾಗಿ ಚುಟುಕಾಗಿ ಹೇಳುತ್ತೇನೆ. ಆಂಡಿ ಅನ್ನುವ ಹುಡುಗನ ಅಚ್ಚುಮೆಚ್ಚಿನ ಕೌಬಾಯ್ ಗೊಂಬೆ ವುಡಿ. (ಹೆಸರಲ್ಲಿ ಮರ, ಮೈಯೆಲ್ಲ ಬಟ್ಟೆ!) ಆಟದಲ್ಲಿ ವುಡಿಯ ಭುಜ ಹರಿಯುತ್ತೆ. ಆಂಡಿ ಅವನನ್ನು ಬಿಟ್ಟು ಬೇಸಿಗೆ ಶಿಬಿರಕ್ಕೆ ಹೋಗುತ್ತಾನೆ, ಅಮ್ಮ ಗೊಂಬೆಯನ್ನು ತೆಗೆದು ಮೇಲಿನ ಶೆಲ್ಫಿಗೆ ಹಾಕುತ್ತಾಳೆ. ಅಲ್ಲಿ ಮೊದಲೇ ಧೂಳು ಹಿಡಿದು ಕೂತಿರುವ, ಕೀಚಲು ದನಿ ಕೆಟ್ಟುಹೋದ ಒಂದು ಪೆಂಗ್ವಿನ್. ಹಳೇ ಸಾಮಾನು ಮಾರಾಟದ ದಿನ ಆ ಪೆಂಗ್ವಿನ್ನನ್ನು ಉಳಿಸಲು ಹೋಗಿ ವುಡಿ ಒಬ್ಬ ಆಟಿಕೆ ವ್ಯಾಪಾರಿಯ ಕೈಗೆ ಸಿಕ್ಕಿಬೀಳುತ್ತಾನೆ. ಆಮೇಲೆ ಗೊತ್ತಾಗುತ್ತೆ, ವುಡಿ ಸಾಮಾನ್ಯ ಗೊಂಬೆಯಲ್ಲ, 1950ರ ದಶಕದ ಒಂದು ಟೀವಿ ಕಾರ್ಯಕ್ರಮದ ನಾಯಕ ಅಂತ. ಅವನ ಜತೆಗಾರ್ತಿ ಜೆಸ್ಸಿ, ಕುದುರೆ ಬುಲ್ಸ್‌ಐ, ಮುದುಕ ಪೀಟ್ ಎಲ್ಲ ಆ ವ್ಯಾಪಾರಿಯ ಬಳಿ ಇದ್ದಾರೆ. ವುಡಿ ಸೇರಿದರೆ ಸೆಟ್ ಪೂರ್ತಿ, ಪೂರ್ತಿ ಸೆಟ್ಟಿಗೆ ಟೋಕಿಯೋದ ಮ್ಯೂಸಿಯಂ ದುಡ್ಡು ಕೊಡುತ್ತೆ.

ಈಗ ವುಡಿಗೆ ಸಂಕಟ. ಆಂಡಿಯ ಬಳಿ ವಾಪಸ್ಸು ಹೋದರೆ ಪ್ರೀತಿ ಸಿಗುತ್ತೆ, ಆದರೆ ನಾಲ್ಕೈದು ವರ್ಷ ಅಷ್ಟೇ. ಹುಡುಗ ಬೆಳೆದುಬಿಡುತ್ತಾನೆ. ಮ್ಯೂಸಿಯಂಗೆ ಹೋದರೆ ಗಾಜಿನ ಹಿಂದೆ ಚಿರಂಜೀವಿ, ಆದರೆ ಒಂದು ಮಗುವಿನ ಕೈಯೂ ತಾಗುವುದಿಲ್ಲ.

ನಮ್ಮ ಬ್ಯಾಂಕಿನವರ ಕಣ್ಣಲ್ಲಿ ನೋಡಿದರೆ ಇದು ಸವಕಳಿಯ ಪ್ರಶ್ನೆ. ಬಿಕಾಂನಲ್ಲಿ ನಮಗೆ ಹೇಳಿಕೊಟ್ಟ ಲೆಕ್ಕದಲ್ಲಿ, ಬಳಸಿದ ವಸ್ತುವಿನ ಬೆಲೆ ವರ್ಷ ವರ್ಷ ಇಳಿಯಬೇಕು. ಮುದುಕ ಪೀಟ್ ಈ ಲೆಕ್ಕದ ಪ್ರಕಾರ ಪರಮ ಶ್ರೀಮಂತ: ಯಾರೂ ಕೊಳ್ಳಲೇ ಇಲ್ಲ, ಡಬ್ಬಿಯಿಂದ ಆಚೆ ಬರಲೇ ಇಲ್ಲ, ಹಾಗಾಗಿ ಸವಕಳಿ ಸೊನ್ನೆ. ಅವನ ಹೊಟ್ಟೆಯೊಳಗಿನ ಕಹಿಗೆ ಕಾರಣವೂ ಅದೇ. ಆ ಟೀವಿ ಕಾರ್ಯಕ್ರಮ ನಿಂತದ್ದು ಯಾಕೆ ಅಂತ ಸಿನಿಮಾದಲ್ಲಿ ಒಂದೇ ಪದದಲ್ಲಿ ಬರುತ್ತೆ: ಸ್ಪುಟ್ನಿಕ್. 1957ರ ಅಕ್ಟೋಬರ್ 4ರಂದು ರಷ್ಯಾದವರು ಉಪಗ್ರಹ ಹಾರಿಸಿದ ಮೇಲೆ ಮಕ್ಕಳಿಗೆ ಬರೀ ಬಾಹ್ಯಾಕಾಶದ ಆಟಿಕೆಗಳೇ ಬೇಕಾದವು, ಕೌಬಾಯ್ ಯಾರಿಗೂ ಬೇಡವಾದ. ಒಂದು ರಾಕೆಟ್ಟಿಗೆ ಒಂದು ಗೊಂಬೆಯ ಕುಲವೇ ಅಂಗಡಿ ಶೆಲ್ಫಿನಲ್ಲಿ ಕೊಳೆಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಕೊಂಡಪಲ್ಲಿಯ ಸ್ಪುಟ್ನಿಕ್ ಬಗ್ಗೆ ಆಮೇಲೆ ಹೇಳುತ್ತೇನೆ.

ಈ ಸಿನಿಮಾ ತಯಾರಾದ ಕಥೆಯೂ ಸಣ್ಣದಲ್ಲ. ಮೊದಲ 'ಟಾಯ್ ಸ್ಟೋರಿ' 1995ರ ನವೆಂಬರಿನಲ್ಲಿ ಬಂತು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣಪ್ರಮಾಣದ ಚಿತ್ರ ಅದು. ಎರಡನೆಯದನ್ನು ಥಿಯೇಟರಿಗಲ್ಲ, ನೇರ ವಿಡಿಯೋ ಕ್ಯಾಸೆಟ್ಟಿಗೆ ಅಂತ ಕಡಿಮೆ ಖರ್ಚಿನಲ್ಲಿ ಶುರು ಮಾಡಿದ್ದರು. 1998ರಲ್ಲಿ ಯಾರೋ ಕಂಪ್ಯೂಟರಿಗೆ ಕೊಟ್ಟ ಒಂದು ಆಜ್ಞೆಗೆ ಚಿತ್ರದ ಕಡತಗಳು ಒಂದೊಂದಾಗಿ ಅಳಿಸಿಹೋಗತೊಡಗಿದವು. ಗಾಬರಿಯಾಗಿ ಯಂತ್ರದ ಪ್ಲಗ್ ಕೀಳುವಷ್ಟರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ಮಾಯ. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಬ್ಯಾಕಪ್ಪೂ ಕೆಟ್ಟು ಕೂತಿದೆ! ಕೊನೆಗೆ ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸಸ್ಮನ್ ಅನ್ನುವ ಉದ್ಯೋಗಿ. ಆಕೆಗೆ ಆಗಷ್ಟೇ ಮಗುವಾಗಿತ್ತು, ಮನೆಯಿಂದ ಕೆಲಸ ಮಾಡಲೆಂದು ಮನೆಯ ಕಂಪ್ಯೂಟರಿಗೆ ಒಂದು ಪ್ರತಿ ಹಾಕಿಸಿಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಾಣಂತಿ ಕೂಸನ್ನು ತರುವ ಹಾಗೆ ಆಫೀಸಿಗೆ ತಂದರಂತೆ. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಕಂಪ್ಯೂಟರೀಕರಣ ನೋಡಿದವರಿಗೆ ಇದು ನಗುವ ವಿಷಯವಲ್ಲ. ಸಂಜೆ ದಿನದ ಲೆಕ್ಕ ಮುಗಿದ ಮೇಲೆ ಬ್ಯಾಕಪ್ ಟೇಪನ್ನು ನಾವು ತಿಜೋರಿಯ ಬೀಗದಷ್ಟೇ ಭಯಭಕ್ತಿಯಿಂದ ಕೈಯಲ್ಲಿ ಹಿಡಿದು ಓಡಾಡಿದವರು.

ಇಷ್ಟು ಕಷ್ಟಪಟ್ಟು ಉಳಿಸಿದ ಚಿತ್ರವನ್ನು ಅವರೇ ಒಂದು ದಿನ ಕೂತು ನೋಡಿ, ಚೆನ್ನಾಗಿಲ್ಲ ಅಂತ ತೀರ್ಮಾನಿಸಿದರು! ಬಿಡುಗಡೆಗೆ ಸುಮಾರು ಒಂಬತ್ತು ತಿಂಗಳಿರುವಾಗ ಬಹುಪಾಲು ಹೊಸದಾಗಿ ಮಾಡಿದರು. ಜಾನ್ ಲ್ಯಾಸೆಟರ್ ನಿರ್ದೇಶನ. ಹಗಲೂ ರಾತ್ರಿ ಮೌಸ್ ಹಿಡಿದು ಹಿಡಿದು ಸಿಬ್ಬಂದಿಯಲ್ಲಿ ಮೂರರಲ್ಲೊಂದು ಪಾಲು ಜನಕ್ಕೆ ಕೈ ಮಣಿಕಟ್ಟು ನೋವು ಹಿಡಿಯಿತು ಅಂತ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾಗಿದ್ದ ಎಡ್ ಕ್ಯಾಟ್‌ಮುಲ್ ಆಮೇಲೆ ಬರೆದುಕೊಂಡಿದ್ದಾರೆ. ಚಿತ್ರಕ್ಕೆ ಸುಮಾರು 9 ಕೋಟಿ ಡಾಲರ್ ಖರ್ಚು, ಲೋಕದಾದ್ಯಂತ ಗಳಿಕೆ 49 ಕೋಟಿ ಡಾಲರ್ ದಾಟಿತು. ಗೋಲ್ಡನ್ ಗ್ಲೋಬ್ ಬಂತು. ಎರಡನೆಯ ಭಾಗ ಮೊದಲನೆಯದಕ್ಕಿಂತ ಚೆನ್ನಾಗಿರುವುದು ಸಿನಿಮಾದಲ್ಲಿ ಅಪರೂಪ, ಇಲ್ಲಿ ಹಾಗಾಯಿತು ಅನ್ನುವವರಲ್ಲಿ ನಾನೂ ಒಬ್ಬ.

ಯಾಕೆ ಅಂದರೆ ಜೆಸ್ಸಿ. ಎಮಿಲಿ ಅನ್ನುವ ಹುಡುಗಿಯ ಗೊಂಬೆಯಾಗಿದ್ದವಳು. ಹುಡುಗಿ ದೊಡ್ಡವಳಾಗುತ್ತಾಳೆ, ಉಗುರಿನ ಬಣ್ಣ, ಟೆಲಿಫೋನು, ಗೆಳತಿಯರು ಬರುತ್ತಾರೆ, ಜೆಸ್ಸಿ ಉರುಳಿ ಮಂಚದ ಕೆಳಗೆ ಬೀಳುತ್ತಾಳೆ. ಎಷ್ಟೋ ವರ್ಷದ ಮೇಲೆ ಎಮಿಲಿಯ ಕೈ ಮಂಚದ ಕೆಳಗೆ ಬಂದು ಗೊಂಬೆಯನ್ನು ಎತ್ತಿಕೊಂಡಾಗ ಆ ಗೊಂಬೆಯ ಮುಖದ ಸಂತೋಷ ನೋಡಬೇಕು ನೀವು. ಕಾರಿನಲ್ಲಿ ಕರೆದುಕೊಂಡೂ ಹೋಗುತ್ತಾಳೆ. ಎಲ್ಲಿಗೆ? ರಸ್ತೆ ಬದಿಯ ದಾನದ ಪೆಟ್ಟಿಗೆಗೆ ಹಾಕುವುದಕ್ಕೆ. ಇದಿಷ್ಟನ್ನೂ ಒಂದು ಮಾತಿಲ್ಲದೆ, ರ‍್ಯಾಂಡಿ ನ್ಯೂಮನ್ ಬರೆದ ಒಂದು ಹಾಡಿನಲ್ಲೇ ಮುಗಿಸಿಬಿಡುತ್ತಾರೆ. ಅವತ್ತು ಮಗಳು ಆ ಹಾಡು ಬಂದಾಗ 'ಬೋರು' ಅಂತ ಮುಂದಕ್ಕೆ ಓಡಿಸುತ್ತಿದ್ದಳು. ಈ ಸಲ ನನ್ನವಳು ಎದ್ದು ಅಡಿಗೆಮನೆಗೆ ಹೋದಳು, ಹಾಲು ಉಕ್ಕುತ್ತಿದೆ ಅಂತ ನೆಪ. ಒಲೆ ಮೇಲೆ ಹಾಲೇ ಇರಲಿಲ್ಲ.

ಈಗ ಕೊಂಡಪಲ್ಲಿ.

ಊರಿನ ನೆತ್ತಿಯ ಮೇಲಿರುವ ಕೋಟೆ 14ನೇ ಶತಮಾನದ ರೆಡ್ಡಿ ಅರಸರ ಕಾಲದ್ದು. ಆಮೇಲೆ ಒಡಿಶಾದ ಗಜಪತಿಗಳ ಕೈಸೇರಿತು. 1515ರಲ್ಲಿ ಕೊಂಡವೀಡನ್ನು ಗೆದ್ದ ನಮ್ಮ ಕೃಷ್ಣದೇವರಾಯ ಅದರ ಬೆನ್ನಿಗೇ ಕೊಂಡಪಲ್ಲಿಗೆ ಮುತ್ತಿಗೆ ಹಾಕಿದ. ಮೂರು ತಿಂಗಳ ಮುತ್ತಿಗೆ, ಕೋಟೆಯೊಳಗೆ ಗಜಪತಿಯ ರಾಣಿ ಮತ್ತು ಮಗ ಸೆರೆಸಿಕ್ಕರು ಅಂತ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ನೆಂಟರಿಗೆ ಇದನ್ನು ಹೇಳಿದ ಕೂಡಲೆ ಅವರ ನಡಿಗೆಯೇ ಬದಲಾಗುತ್ತೆ, ಸ್ವಂತ ಜಮೀನಿಗೆ ಬಂದ ಹಾಗೆ! ಆಮೇಲೆ ಗೋಲ್ಕೊಂಡದವರು, ಮೊಗಲರು, ನಿಜಾಮ, 1766ರಲ್ಲಿ ಇಂಗ್ಲಿಷರು. ರಾಜರೆಲ್ಲ ಹೋದರು, ಕೆಳಗಿನ ಬೀದಿಯಲ್ಲಿ ಗೊಂಬೆ ಮಾಡುವವರು ಉಳಿದರು.

ಇವರು ತಮ್ಮನ್ನು ಆರ್ಯಕ್ಷತ್ರಿಯರು ಅಂತ ಕರೆದುಕೊಳ್ಳುತ್ತಾರೆ. ಮೂಲ ರಾಜಸ್ಥಾನ, ನಾಲ್ಕುನೂರು ವರ್ಷದ ಹಿಂದೆ ಬಂದವರು, ಶಿವನಿಂದ ಕಲೆಯ ವರ ಪಡೆದ ಮುಕ್ತಋಷಿ ತಮ್ಮ ಮೂಲಪುರುಷ ಅನ್ನುವುದು ಅವರ ಮನೆಮಾತಿನ ಇತಿಹಾಸ. ನಲವತ್ತು ದಾಟಿದ ಮೇಲೂ 'ನಿಮ್ಮದು ಯಾವ ಊರು ಸಾರ್' ಅಂತ ಕೇಳಿಸಿಕೊಂಡು ಬದುಕಿರುವ ನನ್ನಂಥವನಿಗೆ ಈ ವಿಷಯ ಬಹಳ ಸಮಾಧಾನ ಕೊಡುತ್ತೆ. ನಾನೂರು ವರ್ಷ ಆದಮೇಲೂ ಅವರು 'ನಾವು ರಾಜಸ್ಥಾನದವರು' ಅನ್ನುತ್ತಾರೆ, ಅದೂ ಅಚ್ಚ ಕೃಷ್ಣಾತೀರದ ತೆಲುಗಿನಲ್ಲಿ.

ಗೊಂಬೆಗೆ ಬಳಸುವುದು ತೆಲ್ಲ ಪೊಣಿಕಿ ಅನ್ನುವ ಮರ, ಕೊಂಡಪಲ್ಲಿ ಸುತ್ತಲಿನ ಗುಡ್ಡದ ಕಾಡಿನದು. ಕೈಗೆತ್ತಿಕೊಂಡರೆ ಮರವೋ ಬೆಂಡೋ ಅನ್ನಿಸುವಷ್ಟು ಹಗುರ. ಕಡಿದು ಒಣಗಿಸಿ, ಸಣ್ಣ ಬಿಸಿಯಲ್ಲಿ ಕಾಯಿಸಿ ಉಳಿದ ತೇವವನ್ನೂ ತೆಗೆಯುತ್ತಾರೆ. ಇನ್ನು ಕೆತ್ತನೆ. ಇಲ್ಲೇ ಇರುವುದು ಈ ಗೊಂಬೆಯ ಗುಟ್ಟು: ಇಡೀ ಆನೆಯನ್ನು ಒಂದೇ ತುಂಡಿನಲ್ಲಿ ಕೆತ್ತುವುದಿಲ್ಲ. ಮುಂಡ ಬೇರೆ, ಸೊಂಡಿಲು ಬೇರೆ, ಕಿವಿ ಬೇರೆ, ಅಂಬಾರಿ ಬೇರೆ, ಒಳಗೆ ಕೂತ ರಾಜ ಬೇರೆ, ರಾಜನ ಕೈ ಬೇರೆ. ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟು ಕಲಸಿದ 'ಮಕ್ಕು' ಅನ್ನುವ ಅಂಟಿನಿಂದ ಎಲ್ಲವನ್ನೂ ಕೂಡಿಸುತ್ತಾರೆ. ಅದೇ ಅಂಟು ಮೂಗಿನ ತುದಿ, ಸೀರೆಯ ನೆರಿಗೆ ತಿದ್ದುವುದಕ್ಕೂ ಆಗುತ್ತೆ. ಮೇಲೆ ಸುಣ್ಣದ ಬಿಳಿ, ಆಮೇಲೆ ಮೇಕೆ ಕೂದಲಿನ ಸಪೂರ ಕುಂಚದಲ್ಲಿ ಬಣ್ಣ. ಬಣ್ಣದ ಕೆಲಸ ಹೆಚ್ಚಾಗಿ ಹೆಂಗಸರದ್ದು. ದಶಾವತಾರದ ಸೆಟ್ಟು, ಎತ್ತಿನ ಗಾಡಿ, ಪಲ್ಲಕ್ಕಿಯಲ್ಲಿ ಮದುಮಕ್ಕಳು, ಒನಕೆ ಹಿಡಿದ ಹೆಂಗಸು, ಮಜ್ಜಿಗೆ ಕಡೆಯುವವಳು, ಸೊಂಟಕ್ಕೆ ಗಡಿಗೆ ಕಟ್ಟಿಕೊಂಡು ತಾಳೆಮರ ಹತ್ತುತ್ತಿರುವವನು. ರಾಜಾಸ್ಥಾನದಿಂದ ಹಳ್ಳಿಯ ಅಂಗಳದವರೆಗೆ ಆ ಕಾಲದ ಕೃಷ್ಣಾ ಜಿಲ್ಲೆಯೇ ಅಂಗಡಿಯಲ್ಲಿ ನಿಂತಿರುತ್ತೆ.

ನಮ್ಮ ಕೊಪ್ಪಳದ ಕಿನ್ನಾಳ ನೋಡಿದವರಿಗೆ ಇದು ಪರಿಚಿತ. ಅಲ್ಲಿನ ಚಿತ್ರಗಾರರೂ ಪೊಳಕಿ ಅನ್ನುವ ಹಗುರ ಮರವನ್ನೇ ಹಿಡಿದವರು, ಹೆಸರೇ ಪೊಣಿಕಿಯ ತಂಗಿಯ ಹಾಗಿದೆ. ಅಲ್ಲೂ ಹುಣಸೆ ಬೀಜದ ಅಂಟು, ಅಲ್ಲೂ ಮೆತ್ತಿ ತಿದ್ದುವ ಕೆಲಸ. ಅವರೂ ವಿಜಯನಗರ ಕಾಲದ ಹೆಸರು ಹೇಳುವವರು. ಇದಕ್ಕೆ ಸರಿ ಎದುರು ನಮ್ಮ ಚನ್ನಪಟ್ಟಣ. ಅಲ್ಲಿ ಆಲೆ ಮರ, ಲೇತ್ ಮೇಲೆ ತಿರುಗಿಸಿ, ಅರಗಿನ ಬಣ್ಣ ಹಿಡಿಸಿದ ಗುಂಡಗಿನ ಗೊಂಬೆ. ಮೂಗಿಲ್ಲ, ಕೈಯಿಲ್ಲ, ಮುರಿಯುವುದಕ್ಕೆ ಏನೂ ಇಲ್ಲ! ಮಗು ಬಾಯಿಗೆ ಹಾಕಿಕೊಳ್ಳಲಿ, ಎಸೆಯಲಿ. ವಿಶಾಖಪಟ್ನಂ ಕಡೆ, ಈಗ ಅನಕಾಪಲ್ಲಿ ಜಿಲ್ಲೆಗೆ ಸೇರಿದ ಏಟಿಕೊಪ್ಪಾಕದಲ್ಲೂ ಇದೇ ಪದ್ಧತಿ. ಅವರು 'ಅಂಕುಡು' ಅನ್ನುವ ಮರ ನಮ್ಮ ಆಲೆಯೇ. ಬುಗುರಿ, ಗಿಲಿಕೆ, 'ಲಕ್ಕ ಪಿಡತಲು' ಅನ್ನುವ ಪುಟ್ಟ ಅಡಿಗೆ ಪಾತ್ರೆಗಳು. ರಾಸಾಯನಿಕ ಬಣ್ಣ ಬಂದು ಹಾಳಾಗುತ್ತಿದ್ದ ಈ ಕಲೆಯನ್ನು ಬೀಜ, ತೊಗಟೆ, ಬೇರುಗಳ ಬಣ್ಣಕ್ಕೆ ತಿರುಗಿ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಆಂಧ್ರದ ಸ್ತಬ್ಧಚಿತ್ರವೂ ಏಟಿಕೊಪ್ಪಾಕದ ಬೊಮ್ಮಗಳದ್ದೇ.

ಅಂದರೆ ಎರಡು ಮನೆತನ. ಚನ್ನಪಟ್ಟಣ-ಏಟಿಕೊಪ್ಪಾಕ ಕೈಗೆ ಕೊಡುವ ಬೊಮ್ಮ. ಕಿನ್ನಾಳ-ಕೊಂಡಪಲ್ಲಿ ಕಣ್ಣಿಗೆ ಕೊಡುವ ಬೊಮ್ಮ. ಸಿನಿಮಾದ ಪ್ರಶ್ನೆಗೆ ನಮ್ಮವರು ಮೊದಲೇ ಊರು ಊರು ಹಂಚಿಕೊಂಡು ಉತ್ತರ ಕೊಟ್ಟುಬಿಟ್ಟಿದ್ದಾರೆ ಅನ್ನಿಸುತ್ತದಲ್ಲವೇ?

ಸರಕಾರಕ್ಕೂ ಈ ಗೊಂದಲ ತಪ್ಪಿಲ್ಲ ನೋಡಿ. ಆಟಿಕೆಗಳ ಗುಣಮಟ್ಟದ ಆದೇಶ 2020ರಲ್ಲಿ ಹೊರಟು 2021ರ ಜನವರಿ 1ರಿಂದ ಜಾರಿಗೆ ಬಂತು. 14 ವರ್ಷದೊಳಗಿನ ಮಕ್ಕಳು ಆಡುವುದಕ್ಕೆ ಅಂತ ಮಾಡಿದ್ದೆಲ್ಲ ಆಟಿಕೆ, ಅದಕ್ಕೆ ಐಎಸ್ಐ ಗುರುತು ಕಡ್ಡಾಯ. ಕೊಂಡಪಲ್ಲಿಯ ಮನೆಯ ಜಗಲಿಯಲ್ಲಿ ಕೂತು ಕೆತ್ತುವವರು ಪ್ರಯೋಗಾಲಯ ಎಲ್ಲಿಂದ ತರಬೇಕು? ಕೂಗಾಟ ಆದ ಮೇಲೆ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿಕೆ ಇರುವ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣ, ಕೊಂಡಪಲ್ಲಿ ಎರಡಕ್ಕೂ ಆ ಸೂಚಿಕೆ ಮೊದಲೇ ಇತ್ತು, ಬಚಾವ್. ಹೀಗಾಗಿ ಕೊಂಡಪಲ್ಲಿ ಬೊಮ್ಮ ಕಾನೂನಿನ ಪ್ರಕಾರ ಆಟಿಕೆಯೂ ಹೌದು, ಆಟಿಕೆಯ ಪರೀಕ್ಷೆಗೆ ಕೂರಬೇಕಾಗಿಲ್ಲದ ಆಟಿಕೆಯೂ ಹೌದು.

ಆದರೆ ಕಣ್ಣಿಗೆ ಕೊಡುವ ಬೊಮ್ಮ ಅಂದಮಾತ್ರಕ್ಕೆ ಅದು ಟೋಕಿಯೋ ಮ್ಯೂಸಿಯಂ ಅಲ್ಲ. ಇಲ್ಲೇ ನನಗೆ ಪಿಕ್ಸಾರಿನವರ ಮೇಲೆ ಒಂದು ಸಣ್ಣ ತಕರಾರು. ಅವರಿಗೆ ಗೊತ್ತಿದ್ದದ್ದು ಎರಡೇ ದಾರಿ, ಮಗುವಿನ ಕೈ ಅಥವಾ ಗಾಜಿನ ಪೆಟ್ಟಿಗೆ. ಪ್ರತಿವರ್ಷ ಟ್ರಂಕಿನಿಂದ ಎದ್ದುಬರುವ ಗೊಂಬೆ ಅವರ ದೇಶದಲ್ಲಿ ಇಲ್ಲ.

ನಮ್ಮ ಕಡೆ ದಸರೆಗೆ ಗೊಂಬೆ ಕೂರಿಸುತ್ತೇವೆ. ಮೈಸೂರು ಅರಮನೆಯಲ್ಲಿ ಅದಕ್ಕೆ ಗೊಂಬೆತೊಟ್ಟಿ ಅಂತಲೇ ಒಂದು ಅಂಗಳ. ಕೃಷ್ಣಾ ತೀರದಲ್ಲಿ ಬೊಮ್ಮಲ ಕೊಲುವು ಹೆಚ್ಚಾಗಿ ಸಂಕ್ರಾಂತಿಗೆ, ಭೋಗಿ ದಿನ ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಉಂಟು. ನನ್ನವಳ ತವರು ಕೆ.ಆರ್. ನಗರ, ಮದುವೆಯಲ್ಲಿ ಅವಳ ಅಮ್ಮ ಕೊಟ್ಟ ಪಟ್ಟದ ಗೊಂಬೆ, ರಾಜ-ರಾಣಿಯ ಜೋಡಿ, ದಸರೆಗೆ ಮೊದಲ ಮೆಟ್ಟಿಲೇರುತ್ತೆ. ಸಂಕ್ರಾಂತಿಗೆ ಪಕ್ಕದ ಮನೆ ಅಕ್ಕಯ್ಯನವರ ಒತ್ತಾಯದಿಂದ ಶುರುವಾದ ಕೊಂಡಪಲ್ಲಿ ಸೆಟ್ಟು. ಉಳಿದ ದಿನವೆಲ್ಲ ಇವು ಎಲ್ಲಿರುತ್ತವೆ? ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು, ಬೇವಿನ ಎಲೆ ನುಸಿಗುಳಿಗೆಯ ಜತೆ, ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ. ವರ್ಷಕ್ಕೆ ಹತ್ತು ದಿನ ಬೆಳಕು, ಉಳಿದದ್ದೆಲ್ಲ ಕತ್ತಲು!

ಜೆಸ್ಸಿಗೆ ಡಬ್ಬಿಯ ಕತ್ತಲು ಅಂದರೆ ಪ್ರಾಣಭಯ, ಸಿನಿಮಾ ನೋಡಿದವರಿಗೆ ಗೊತ್ತು. ಮತ್ತೆ ಡಬ್ಬಿಗೆ ಹೋಗಬೇಕಾಗುತ್ತೆ ಅಂದಾಕ್ಷಣ ಅವಳು ಉಸಿರುಗಟ್ಟಿದವಳ ಹಾಗೆ ಒದ್ದಾಡುತ್ತಾಳೆ. ನಮ್ಮ ರಾಜ-ರಾಣಿ ಇವಳಿಗಿಂತ ಹೆಚ್ಚು ಕತ್ತಲು ಕಂಡವರು. ಆದರೆ ಅವರಿಗೆ ಪಂಚಾಂಗ ಗೊತ್ತು. ಮಹಾಲಯ ಅಮಾವಾಸ್ಯೆ ಕಳೆದ ಕೂಡಲೆ ಮುಚ್ಚಳ ತೆರೆಯುತ್ತೆ, ಒಂದು ಹೆಂಗಸಿನ ಕೈ ಬಂದು ಎತ್ತಿಕೊಳ್ಳುತ್ತೆ, ಒರೆಸುತ್ತೆ, ಬಣ್ಣ ಹೋದಲ್ಲಿ ಮುಟ್ಟಿ ನೋಡುತ್ತೆ. ಆ ಕೈ ಅಮ್ಮನದಿರಬಹುದು, ಆಮೇಲೆ ಮಗಳದು. ಮಕ್ಕಳು ಮುಟ್ಟಬಾರದು ಅಂತ ಬೈಸಿಕೊಂಡೂ ಮುಟ್ಟುತ್ತಾರೆ. ಪಕ್ಕದ ಬೀದಿಯ ಮಕ್ಕಳು ಬಂದು ಚರ್ಪು ತಿಂದು ಇದು ಯಾರು ಅದು ಯಾರು ಅಂತ ಕೇಳುತ್ತಾರೆ. ಹೋದ ವರ್ಷದ ಸೆಟ್ಟಿಗೆ ಈ ವರ್ಷ ಒಂದು ಹೊಸ ಗೊಂಬೆ ಸೇರುತ್ತೆ. 2010ರ ಮೂರನೇ ಭಾಗದಲ್ಲಿ ಆಂಡಿ ಕಾಲೇಜಿಗೆ ಹೋಗುವ ಮುಂಚೆ ತನ್ನ ಗೊಂಬೆಗಳನ್ನು ಒಂದು ಪುಟ್ಟ ಹುಡುಗಿಯ ಕೈಗೆ ತಾನೇ ಒಪ್ಪಿಸುವ ದೃಶ್ಯ ಇದೆಯಲ್ಲ, ಅದು ನಮ್ಮ ಪಟ್ಟದ ಗೊಂಬೆಯ ಶಾಸ್ತ್ರಕ್ಕೆ ಬಹಳ ಹತ್ತಿರ ಬಂತು. ಹನ್ನೊಂದು ವರ್ಷ ತಡವಾಗಿಯಾದರೂ ಬಂದರಲ್ಲ!

ಈ ಮೂರನೇ ದಾರಿ ನಿಂತಿರುವುದು ಮರದ ಮೇಲಲ್ಲ, ಟ್ರಂಕ್ ತೆರೆಯುವವರ ಮೇಲೆ. ಈಗ ಮುಖ್ಯ ವಿಷಯ ಅದೇ. ನಮ್ಮ ಮಗಳು ಕೆಲಸದ ಮೇಲೆ ದೂರದೇಶದಲ್ಲಿದ್ದಾಳೆ. ಅವಳ ಮದುವೆ ಗೊತ್ತಾದ ಮೇಲೆ ಅಮ್ಮ ಪಟ್ಟದ ಗೊಂಬೆಯ ಮಾತೆತ್ತಿದರೆ ಫೋನಿನಲ್ಲಿ ಹೇಳಿದಳು: "ಅಮ್ಮಾ, ಒಂದು ಬೆಡ್‌ರೂಮಿನ ಮನೆ ನಮ್ಮದು. ಒಂಬತ್ತು ಮೆಟ್ಟಿಲು ಎಲ್ಲಿ ಕಟ್ಟಲಿ? ಟೀವಿ ಪಕ್ಕ ಒಂದು ಶೆಲ್ಫಿದೆ, ಅಲ್ಲಿ ವರ್ಷಪೂರ್ತಿ ಇಟ್ಟುಬಿಡಲಾ?" ತಪ್ಪೇನಿಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆದರೆ ವರ್ಷಪೂರ್ತಿ ಶೆಲ್ಫಿನಲ್ಲಿದ್ದ ಗೊಂಬೆಯನ್ನು ಎರಡನೇ ತಿಂಗಳಿಂದ ಯಾರೂ ನೋಡುವುದಿಲ್ಲ. ಅದು ಟೋಕಿಯೋಗಿಂತಲೂ ಕಡೆ, ಮ್ಯೂಸಿಯಂನಲ್ಲಿ ಟಿಕೆಟ್ ಕೊಟ್ಟವನಾದರೂ ನೋಡುತ್ತಾನೆ. ವಾರಗಟ್ಟಲೆ ಈ ವಿಷಯ ನಮ್ಮ ಮನೆಯಲ್ಲಿ ಚರ್ಚೆಯಾಯಿತು. ನಿಮ್ಮಲ್ಲಿ ಡಲ್ಲಾಸಿನಲ್ಲೋ ದುಬೈನಲ್ಲೋ ಬುಕ್ ಶೆಲ್ಫಿನ ಮೂರು ಹಲಗೆ ಮೇಲೆ ಗೊಂಬೆ ಕೂರಿಸುವವರು ಇದ್ದೀರಿ, ನನಗೆ ಗೊತ್ತು. ನಿಮ್ಮ ಮೂರು ಹಲಗೆ ನಮ್ಮ ಒಂಬತ್ತು ಮೆಟ್ಟಿಲಿಗಿಂತ ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

ಅತ್ತ ಟ್ರಂಕ್ ತೆರೆಯುವವರು ಕಡಿಮೆಯಾದರೆ ಇತ್ತ ಕೊಂಡಪಲ್ಲಿಯಲ್ಲಿ ಉಳಿ ಹಿಡಿಯುವವರು ಕಡಿಮೆಯಾಗುತ್ತಾರೆ. ಅವರ ಸ್ಪುಟ್ನಿಕ್ ಒಂದಲ್ಲ, ಮೂರ್ನಾಲ್ಕು. ಮೊದಲು ಪ್ಲಾಸ್ಟಿಕ್ ಬಂತು. ಅದರ ಹಿಂದೆ ಚೀನಾದ ಅಗ್ಗದ ಮಾಲು ಬಂತು. ಇದನ್ನು ತಡೆಯಲು ಕೇಂದ್ರ ಸರಕಾರ ಆಟಿಕೆ ಆಮದು ಸುಂಕವನ್ನು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಆದರೆ ಸುಂಕ ಏರಿದರೆ ದೇಶದ ಪ್ಲಾಸ್ಟಿಕ್ ಕಾರ್ಖಾನೆಗೆ ಲಾಭವೇ ಹೊರತು ಮರ ಕೆತ್ತುವವನಿಗೆ ಎಷ್ಟು ಮುಟ್ಟೀತು? ಕರೋನಾ ಬಂದಾಗ ಪ್ರವಾಸಿಗರು ನಿಂತರು. ಎಲ್ಲಕ್ಕಿಂತ ದೊಡ್ಡದು ಮರದ್ದು. ಪೊಣಿಕಿ ನಿಧಾನಕ್ಕೆ ಬೆಳೆಯುವ ಮರ, ಕಾಡಿನಲ್ಲಿ ವರ್ಷ ವರ್ಷ ದೂರ ಸರಿಯುತ್ತಿದೆ. ಸಸಿ ನೆಡುವ ಪ್ರಯತ್ನ ನಡೆದಿದೆ, ಆದರೆ ಇವತ್ತು ನೆಟ್ಟ ಸಸಿ ಇವತ್ತಿನ ಮೇಸ್ತ್ರಿಯ ಉಳಿಗೆ ಸಿಗುವುದಿಲ್ಲ, ಅವನ ಮಗನಿಗೆ ಸಿಗಬಹುದು, ಮಗ ಅಲ್ಲಿಯೇ ಇದ್ದರೆ.

ಸಾಲದ ವಿಷಯ ಬಂದರೆ ನನ್ನ ಕಸುಬು ಸುಮ್ಮನಿರಗೊಡುವುದಿಲ್ಲ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮಾಡುವುದೂ ಒಂದು. ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದು ತೀರಿಸಿದರೆ ಇನ್ನೂ 2 ಲಕ್ಷ, ಬಡ್ಡಿ ನೂರಕ್ಕೆ 5. ಒಳ್ಳೆಯದೇ, ನಾನೇ ಹತ್ತಾರು ಜನಕ್ಕೆ ಅರ್ಜಿ ತುಂಬಿಸಿಕೊಟ್ಟಿದ್ದೇನೆ. ಆದರೆ ದುಡಿಯುವ ಬಂಡವಾಳದ ಸಾಲ ಕಚ್ಚಾಮಾಲು ಸಿಗುತ್ತೆ, ತಯಾರಾದ ಮಾಲು ಮಾರಾಟವಾಗುತ್ತೆ ಅನ್ನುವ ನಂಬಿಕೆಯ ಮೇಲೆ ನಿಂತಿದ್ದು. ಕಾಡಿನಲ್ಲಿ ಮರ ಬೇಕು, ಅಟ್ಟದ ಮೇಲೆ ಟ್ರಂಕ್ ಬೇಕು. ಎರಡನ್ನೂ ನಮ್ಮ ಬ್ಯಾಂಕ್ ಕೊಡಲಾರದು.

ಇನ್ನೊಂದು ವಿಷಯ ಹೇಳದಿದ್ದರೆ ಲೇಖನ ಅಪೂರ್ಣ. ಸಿನಿಮಾದಲ್ಲಿ ವುಡಿಯ ಹರಿದ ಭುಜ ಹೊಲಿಯಲು ಒಬ್ಬ ಮುದುಕ ಬರುತ್ತಾನೆ, ಕನ್ನಡಕ, ಪುಟ್ಟ ಪುಟ್ಟ ಡ್ರಾಯರಿನ ಪೆಟ್ಟಿಗೆ. ಗೊಂಬೆ ರಿಪೇರಿಯ ಆ ಎರಡು ನಿಮಿಷ ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಪ್ರಿಯ. ಕೈಕಸುಬಿನ ಮೇಲೆ ಗೌರವ ಇರುವವರು ಮಾತ್ರ ಹಾಗೆ ತೆಗೆಯಬಲ್ಲರು. ಆದರೆ ಆ ಮುದುಕ ಎಷ್ಟು ಅಚ್ಚುಕಟ್ಟೆಂದರೆ, ವುಡಿಯ ಬೂಟಿನ ಅಡಿಯಲ್ಲಿ ಆಂಡಿ ಬರೆದಿದ್ದ ಹೆಸರನ್ನೂ ಬಣ್ಣ ಹಚ್ಚಿ ಮುಚ್ಚಿಬಿಡುತ್ತಾನೆ. ವುಡಿ ಆಮೇಲೆ ಆ ಬಣ್ಣವನ್ನು ಕೆರೆದು ತೆಗೆಯಬೇಕಾಗುತ್ತೆ. ಕೊನೆಯಲ್ಲಿ ಕಿಡಿಗೇಡಿ ಪೀಟ್‌ಗೆ ಸಿಗುವ ಶಿಕ್ಷೆ ಏನು ಗೊತ್ತೇ? ಗೊಂಬೆಗಳ ಮುಖದ ಮೇಲೆಲ್ಲ ಬಣ್ಣ ಬಳಿಯುವ ಒಬ್ಬಳು ಹುಡುಗಿಯ ಚೀಲ ಸೇರುವುದು!

ಕೊಂಡಪಲ್ಲಿ ಬೊಮ್ಮದ ಕೈ ಮುರಿದರೆ ಅದು ಬಹುಮಟ್ಟಿಗೆ ಮುರಿಯುವುದು ಮಕ್ಕಿನ ಕೂಡಿನಲ್ಲೇ. ಮೊದಲಿನಿಂದಲೂ ಬೇರೆ ತುಂಡಾಗಿದ್ದದ್ದು ಬೇರೆಯಾಗುತ್ತೆ, ಅಷ್ಟೇ. ಅಂಗಡಿಯವರು 'ಮೆಲ್ಲಗಾ' ಅಂದರೂ, ಮಾಡಿದವರು ಬೀಳುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿದ್ದಾರೆ. ಬೀಜದ ಪುಡಿ ಕಲಸಿ ಮತ್ತೆ ಕೂಡಿಸಿದರೆ ಆಯಿತು. ನೆಂಟರು ತಮ್ಮ ಶೋಕೇಸಿನಲ್ಲಿ ಸೊಂಡಿಲು ಬಿದ್ದ ಆನೆಯನ್ನು ಕಸಕ್ಕೆ ಹಾಕಿದೆವು ಅಂದಾಗ ನನಗೆ ಬಹಳ ಬೇಜಾರಾಗುತ್ತೆ. ಮುಂದಿನ ಸಲ ಬರುವಾಗ ತನ್ನಿ, ಬೊಮ್ಮಲ ಕಾಲೊನಿಯಲ್ಲಿ ಅಂಟಿಸಿಕೊಡುತ್ತಾರೆ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ, ನಿಮಗೂ ಹೇಳಿದೆ.

ಮಗಳು ಕೊನೆಗೆ ಕೇಳಿದ್ದು ರಾಜ-ರಾಣಿಯನ್ನಲ್ಲ. ಅವು ಸದ್ಯಕ್ಕೆ ಇಲ್ಲೇ ಇರಲಿ, ದಸರೆಗೆ ಬಂದಾಗ ನಾನೇ ತೆಗೆದು ಕೂರಿಸುತ್ತೇನೆ, ಟ್ರಂಕಿನ ಬೀಗ ಯಾರೂ ಮುಟ್ಟಬೇಡಿ ಅಂದಳು. ಅಲ್ಲಿಗೆ ಕಳಿಸಿ ಅಂದದ್ದು ಎತ್ತಿನ ಗಾಡಿಯನ್ನು. ಅದರ ಒಂದು ಎತ್ತಿನ ಕಾಲು ಕಳಚಿತ್ತು, ಗಾಡಿ ಹೊಡೆಯುವವನಿಗೆ ಅವಳೇ ಎರಡನೇ ಕ್ಲಾಸಿನಲ್ಲಿ ಬಾಲ್‌ಪೆನ್ನಿನಿಂದ ಕನ್ನಡಕ ಬರೆದಿಟ್ಟಿದ್ದಳು. ಹೋದ ಶನಿವಾರ ಕೊಂಡಪಲ್ಲಿಗೆ ಒಯ್ದೆ. ಬೀದಿಯ ಕೊನೆಯ ಮನೆಯ ಅಜ್ಜ ಕಾಲು ಅಂಟಿಸಿ, ಗಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಈ ಕನ್ನಡಕ ತೆಗೆದು ಮುಖಕ್ಕೆ ಹೊಸ ಬಣ್ಣ ಕೊಡಲಾ ಸಾರ್ ಅಂದ. ಬೇಡ ಅಂದೆ. ಒಣಗಲಿಕ್ಕೆ ಒಂದು ಗಂಟೆ ಬಿಸಿಲಲ್ಲಿಟ್ಟ. ಐವತ್ತು ರೂಪಾಯಿ ತಗೊಂಡ, ಚಹಾ ಅವನೇ ಕುಡಿಸಿದ.